ನೆರವಿನಿಂದ ಕಾಯಕಕ್ಕೆ

(ಹೊಸಹೊಳಲಿನಲ್ಲಿ 2025ರ ಶ್ರಾವಣ ಮಾಸದ ಚಿಂತನಗೋಷ್ಠಿಯಲ್ಲಿ ನಿವೃತ್ತ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಒಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ನಾನು ಭಾಷಣಕಾರನಲ್ಲ. ಮಂಡ್ಯದ ಪಿ.ಇ.ಎಸ್. ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ, ಸರ್ಕಾರಿ ಸೇವೆಗೆ ಸೇರಿ, ಕಾಲುವೆ, ಕೆರೆ, ರಸ್ತೆ ಎಂದು ಮೂರು ದಶಕಕ್ಕೂ ಹೆಚ್ಚು ಕಾಲ ಅಳತೆ ಪುಸ್ತಕ ಹಿಡಿದು ತಿರುಗಿದವನು. ನನಗೆ ಬರುವುದು ಅಳೆಯುವುದು, ಲೆಕ್ಕ ಹಾಕುವುದು ಅಷ್ಟೆ. ಈ ದಿನ ‘ಕಾಯಕ ಮತ್ತು ಸರ್ಕಾರದ ನೆರವು’ ಎಂಬ ವಿಷಯ ಕೊಟ್ಟಿದ್ದೀರಿ. ಅದನ್ನೂ ಅಳತೆಯ ದಾರಿಯಲ್ಲೇ ನೋಡುತ್ತೇನೆ.

ಕಳೆದ ಗೋಷ್ಠಿ ಮುಗಿದು ಪ್ರಸಾದಕ್ಕೆ ಕುಳಿತಿದ್ದಾಗ ಪಂಕ್ತಿಯಲ್ಲಿ ಒಂದು ಮಾತು ಬಂತು. ಹಿರಿಯರೊಬ್ಬರು, “ತಿಂಗಳಾದ್ರೆ ಎರಡು ಸಾವ್ರ ಬತ್ತದೆ, ಇನ್ಯಾಕೆ ಬತ್ತಾರೆ ಕಳೆ ಕೀಳಕೆ? ಎಲ್ಲಾ ಸೋಮಾರಿಗಳಾದ್ರು” ಎಂದರು. ಸುತ್ತ ಕುಳಿತವರು ಹೌದು ಹೌದು ಎಂದರು. ನಾನೂ ಹೌದೆಂದೆ. ಒಬ್ಬರು ಆಯ್ದಕ್ಕಿ ಲಕ್ಕಮ್ಮನವರನ್ನೂ ನೆನೆದರು. ಗಂಡ ಒಂದು ದಿನ ಹೆಚ್ಚಿಗೆ ಅಕ್ಕಿ ತಂದರೆ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ತಾಯಿ ಎಲ್ಲಿ, ಕೈಚಾಚುವ ಈಗಿನವರೆಲ್ಲಿ ಎಂದರು. ಅದಕ್ಕೂ ತಲೆಯಾಡಿಸಿದೆ.

ಮನೆಗೆ ಹೋದ ಮೇಲೆ ಲೆಕ್ಕ ಹಾಕಿದೆ. ಪ್ರಸಾದದ ಪಂಕ್ತಿಯಲ್ಲಿ ಹೌದೆಂದದ್ದು ತಪ್ಪು ಎಂದು ಆ ಲೆಕ್ಕ ಹೇಳಿತು. ಅದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಲು ಈ ದಿನ ನಿಂತಿದ್ದೇನೆ.

ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾಯಿತು. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ಹೆಸರಿರುವ ಮಹಿಳೆಗೆ ತಿಂಗಳಿಗೆ 2,000 ರೂಪಾಯಿ. ಆಕೆ ಅಥವಾ ಆಕೆಯ ಪತಿ ಆದಾಯ ತೆರಿಗೆ ಕಟ್ಟುವವರಾಗಿರಬಾರದು, ಜಿಎಸ್‌ಟಿ ಲೆಕ್ಕ ಸಲ್ಲಿಸುವವರಾಗಿರಬಾರದು. ಕೆಲಸ ಮಾಡಬೇಕು ಅಥವಾ ಮಾಡಬಾರದು ಎಂಬ ಷರತ್ತೇನೂ ಇಲ್ಲ. ರಾಜ್ಯದಲ್ಲಿ ಒಂದು ಕೋಟಿಗೂ ಹೆಚ್ಚು ಮಹಿಳೆಯರಿಗೆ ಇದು ಸಲ್ಲುತ್ತದೆ. ಚೀಟಿಯಲ್ಲಿ ಯಜಮಾನಿ ಅತ್ತೆಯಾಗಿದ್ದರೆ ಹಣ ಅತ್ತೆಯ ಖಾತೆಗೆ ಹೋಗುತ್ತದೆ. ಎಳೆಮಕ್ಕಳಿರುವ ಸೊಸೆಯ ಕೈಗೆ ಬರುವುದಿಲ್ಲ. ಇದನ್ನೂ ನೆನಪಿಡಿ.

ಎರಡು ಸಾವಿರವನ್ನು ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 66 ರೂಪಾಯಿ ಚಿಲ್ಲರೆ. ಉದ್ಯೋಗ ಖಾತರಿಯಲ್ಲಿ 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ಕೂಲಿ ದಿನಕ್ಕೆ 370 ರೂಪಾಯಿ. ಅರವತ್ತಾರು ರೂಪಾಯಿ ಬರುತ್ತದೆಂದು 370 ರೂಪಾಯಿ ಬಿಡುವ ತಾಯಿಯನ್ನು ನಾನು ಇದುವರೆಗೆ ಕಂಡಿಲ್ಲ. ಅದೂ ಒಂದು ಸಿಕ್ಕರೆ ಇನ್ನೊಂದು ನಿಲ್ಲುವುದಿಲ್ಲ. ಕೂಲಿ ಮಾಡಿದವಳಿಗೂ ಗೃಹಲಕ್ಷ್ಮಿ ಬರುತ್ತದೆ. ವರ್ಷಕ್ಕೆ ಗೃಹಲಕ್ಷ್ಮಿಯ 24,000, ನೂರು ದಿನದ ಕೂಲಿ 37,000, ಎರಡೂ ಸೇರಿದರೆ 61,000. ತಿಂಗಳಿಗೆ ಐದು ಸಾವಿರ ದಾಟುತ್ತದೆ. ಹಾಗಿದ್ದೂ ಒಬ್ಬ ತಾಯಿ ಕೆಲಸಕ್ಕೆ ಹೋಗುತ್ತಿಲ್ಲವೆಂದರೆ, ಅವಳು ಸೋಮಾರಿಯೇ ಎಂದು ಕೇಳುವ ಮೊದಲು ಅವಳ ಹಾದಿಗೆ ಏನು ಅಡ್ಡ ಇದೆ ಎಂದು ಕೇಳಬೇಕು. ನಾಲೆಯ ತುದಿಗೆ ನೀರು ಬರದಿದ್ದರೆ ನಾವು ನೀರನ್ನು ಬೈಯುವುದಿಲ್ಲ. ನಾಲೆಯ ಉದ್ದಕ್ಕೂ ನಡೆದು ನೋಡುತ್ತೇವೆ.

ಹಾಗೆ ನಡೆದು ನೋಡಿದೆ. ನಮ್ಮ ಪಕ್ಕದ ಹಳ್ಳಿಯಲ್ಲಿ ಒಬ್ಬ ಹೆಣ್ಣುಮಗಳು. ಹೆಸರು ಬೇಡ. ಗಂಡ ತೀರಿಕೊಂಡಿದ್ದಾನೆ. ಒಂದು ಗಂಡುಮಗು, ಐದು ವರ್ಷ. ಒಂದು ಹೆಣ್ಣುಮಗು, ಒಂದೂವರೆ ವರ್ಷ. ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ. ಗೃಹಲಕ್ಷ್ಮಿ ಹಣ ಬರುತ್ತದೆ. ಅದು ಸಂಘದ ಕಂತು, ಹಾಲು, ಔಷಧ ಎಂದು ಬಂದ ವಾರದಲ್ಲೇ ಮುಗಿಯುತ್ತದೆ. ನಾನೂ ನನ್ನ ಮನೆಯವರೂ ಹೋಗಿ ಜಗಲಿಯ ಮೇಲೆ ಕುಳಿತು, “ಕೆಲಸಕ್ಕೆ ಹೋಗಬೇಕು ಅಂತ ಅನ್ನಿಸೋದಿಲ್ಲವೇನಮ್ಮ?” ಎಂದು ಕೇಳಿದೆವು. “ಅನ್ನಿಸ್ದೆ ಏನ್ ಸಾರ್? ಎಲ್ಲಿಗೋಗ್ಲಿ, ಯೋಳಿ” ಎಂದಳು. ನಾನು ಪುಸ್ತಕ ತೆಗೆದು ಬರೆದುಕೊಳ್ಳುತ್ತಾ ಹೋದೆ.

ಮೊದಲನೆಯದು ಉದ್ಯೋಗ ಖಾತರಿ. 2005ರ ಕಾಯ್ದೆ, ನಮ್ಮ ಜಿಲ್ಲೆಗೆ 2008ರಲ್ಲಿ ಬಂತು. ಆ ಕಾಯ್ದೆಯಲ್ಲಿ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ ನೂರು ದಿನದ ಕೆಲಸ. ಅರ್ಜಿ ಕೊಟ್ಟ ಹದಿನೈದು ದಿನದೊಳಗೆ ಕೆಲಸ ಕೊಡಬೇಕು, ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಕೆಲಸ ಐದು ಕಿಲೋಮೀಟರ್ ಒಳಗಿರಬೇಕು, ಮೀರಿದರೆ ಶೇಕಡ ಹತ್ತು ಹೆಚ್ಚು ಕೂಲಿ. ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ಈ ಹೆಣ್ಣುಮಗಳ ಬಳಿ ಜಾಬ್ ಕಾರ್ಡ್ ಇದೆ. ಕೆಲಸ ಕೇಳಿದ್ದಾಳೆ, ಆದರೆ ಬಾಯಿಮಾತಿನಲ್ಲಿ. “ಬಂದಾಗ ಹೇಳ್ತೀವಿ” ಎಂಬ ಉತ್ತರವೂ ಬಾಯಿಮಾತಿನಲ್ಲೇ ಸಿಕ್ಕಿದೆ. ನಮೂನೆ 6ರಲ್ಲಿ ಅರ್ಜಿ ಬರೆದು, ದಿನಾಂಕ ಹಾಕಿದ ಸ್ವೀಕೃತಿ ಪಡೆದರೆ ಮಾತ್ರ ಆ ಹದಿನೈದು ದಿನದ ಲೆಕ್ಕ ಶುರುವಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಎರಡನೆಯದು ಗಾರ್ಮೆಂಟ್ಸ್. ವ್ಯಾನು ಊರ ಬಾಗಿಲಿಗೇ ಬರುತ್ತದೆ. ಬೆಳಗ್ಗೆ ಏಳಕ್ಕೆ ಹತ್ತಿದರೆ ಇಳಿಯುವುದು ರಾತ್ರಿ ಏಳಕ್ಕೆ. ಮಗುವನ್ನು ಯಾರ ಕೈಗೆ ಕೊಡುವುದು? ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮಕ್ಕಳನ್ನು. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಮೂವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದಿತ್ತು. ಇದ್ದರೂ ಒಂದೂವರೆ ವರ್ಷದ ಕೂಸನ್ನು ಅಷ್ಟು ಜನರ ನಡುವೆ ವ್ಯಾನಿನಲ್ಲಿ ದಿನವೂ ಒಯ್ದು ತರುವುದು ಹೇಗೆ?

ಮೂರನೆಯದು ತರಬೇತಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯಲ್ಲಿ ಈಗ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಿವೆ. ಹೊಲಿಗೆ, ಹೈನುಗಾರಿಕೆ ಇತ್ಯಾದಿ ಕಲಿಸುತ್ತಾರೆ. ಊಟ, ವಸತಿ, ಪಾಠ ಎಲ್ಲವೂ ಉಚಿತ. ಬಹಳ ಒಳ್ಳೆಯ ಸಂಸ್ಥೆಗಳು. ಆದರೆ ಅಲ್ಲೇ ಇದ್ದು ಕಲಿಯಬೇಕು. ಮತ್ತೆ ಅದೇ ಪ್ರಶ್ನೆ: ಕೂಸು ಎಲ್ಲಿರಬೇಕು?

ಮೂರು ಬಾಗಿಲು, ಮೂರಕ್ಕೂ ಒಂದೇ ಬೀಗ. ಆ ಬೀಗದ ಹೆಸರು ಒಂದೂವರೆ ವರ್ಷದ ಮಗು.

ನಮ್ಮ ಕಾಲದಲ್ಲಿ ಕೆಲಸ ಬೇಕೆಂದರೆ ಉದ್ಯೋಗ ವಿನಿಮಯ ಕೇಂದ್ರಕ್ಕೆ ಹೋಗುತ್ತಿದ್ದೆವು. ನಾನೂ ಹೆಸರು ನೋಂದಾಯಿಸಿ ಕಾರ್ಡು ಹಿಡಿದು ಬಂದವನೇ. ಅದರ ಹಿಂದೆ 1959ರ ಕಾಯ್ದೆ ಇತ್ತು: ಖಾಲಿ ಹುದ್ದೆಯನ್ನು ಮಾಲೀಕರು ಕೇಂದ್ರಕ್ಕೆ ತಿಳಿಸಬೇಕಿತ್ತು. ಆದರೆ ಅಲ್ಲಿಂದಲೇ ಜನ ತೆಗೆದುಕೊಳ್ಳಬೇಕೆಂಬ ಕಟ್ಟು ಇರಲಿಲ್ಲ. ಖಾಸಗಿಯವರ ಹೊಲ ತೋಟದ ದುಡಿಮೆ, ಮನೆಗೆಲಸ, ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಕೆಲಸ, ಇವು ಆ ಕಾಯ್ದೆಯ ಹೊರಗಿದ್ದವು. ಎಂದರೆ ಈ ಹೆಣ್ಣುಮಗಳು ನಾಳೆಯೇ ಮಾಡಬಲ್ಲ ಕೆಲಸಗಳೆಲ್ಲ ಹೆಚ್ಚುಕಡಿಮೆ ಅದರ ಹೊರಗೆ. ಓದಿದ ಯುವಕರಿಗೆ ಯುವನಿಧಿ ಇದೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಗರಿಷ್ಠ ಎರಡು ವರ್ಷ. ಅದರಲ್ಲೂ ಎಸ್ಸೆಸ್ಸೆಲ್ಸಿ ಓದಿದ ತಾಯಿಗೆ ಜಾಗವಿಲ್ಲ.

ಇನ್ನೊಂದು ಸಂಗತಿ ನೋಡಿ. ಗೃಹಲಕ್ಷ್ಮಿ ಹಣ ಕೊಡುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ. ಉದ್ಯೋಗ ಖಾತರಿ ಇರುವುದು ಗ್ರಾಮೀಣಾಭಿವೃದ್ಧಿ ಇಲಾಖೆಯಲ್ಲಿ. ತರಬೇತಿ ಬೇರೆ ಕಡೆ, ಉದ್ಯೋಗ ವಿನಿಮಯ ಇನ್ನೊಂದು ಕಡೆ. ಹಣ ಕೊಡುವವರಿಗೆ ಈಕೆಗೆ ಕೆಲಸ ಬೇಕೆಂದು ಗೊತ್ತಿಲ್ಲ. ಕೆಲಸ ಕೊಡುವವರಿಗೆ ಈಕೆಗೆ ಕೂಸಿದೆಯೆಂದು ಗೊತ್ತಿಲ್ಲ. ಹೇಮಾವತಿ ಎಡದಂಡೆ ನಾಲೆಯನ್ನು ನೋಡಿದವರು ನೀವು. ಮಂದಗೆರೆ, ಹೇಮಗಿರಿ ಅಣೆಕಟ್ಟೆಗಳ ಹಳೆಯ ನಾಲೆಗಳನ್ನು ನೋಡಿದವರು. ದೊಡ್ಡ ನಾಲೆ ತೋಡಿ, ವಿತರಣಾ ನಾಲೆ ತೋಡಿ, ತೂಬು ಕೂರಿಸಿ, ಕಡೆಗೆ ಹೊಲಗಾಲುವೆ ತೋಡದಿದ್ದರೆ ಏನಾಗುತ್ತದೆ? ತೂಬಿನ ತನಕ ಬಂದ ನೀರು ಹಳ್ಳ ಸೇರುತ್ತದೆ. ಗದ್ದೆ ಒಣಗುತ್ತದೆ. ಸರ್ಕಾರದ ಯೋಜನೆಗಳು ತೂಬಿನ ತನಕ ಬಂದಿವೆ. ಅಲ್ಲಿಂದ ಗದ್ದೆಗೆ ಹೋಗುವ ನೂರು ಗಜದ ಹೊಲಗಾಲುವೆ ಬಾಕಿ ಇದೆ.

ಇದನ್ನು ಹೇಳಲು ನನಗೇನು ಅಧಿಕಾರ ಎಂದು ನೀವು ಕೇಳಬಹುದು. ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಉದ್ಯೋಗ ಖಾತರಿ ಬಂದ ಹೊಸದರಲ್ಲಿ ಒಂದು ಕೆರೆಯ ಹೂಳೆತ್ತುವ ಕೆಲಸ ನನ್ನ ಉಸ್ತುವಾರಿಯಲ್ಲಿತ್ತು. ಏರಿಯ ಪಕ್ಕದ ಹೊಂಗೆಮರಕ್ಕೆ ಸೀರೆಯ ತೊಟ್ಟಿಲು ಕಟ್ಟಿ ಒಬ್ಬ ತಾಯಿ ಮಣ್ಣು ಹೊರುತ್ತಿದ್ದಳು. ಅತ್ತಾಗ ಓಡಿಬಂದು ತೂಗಿ ಮತ್ತೆ ಬುಟ್ಟಿ ಎತ್ತುತ್ತಿದ್ದಳು. ಇನ್ನೂ ನಾಲ್ಕು ಮಕ್ಕಳು ನೆರಳಲ್ಲಿ ಆಡುತ್ತಿದ್ದವು. ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಕೆಲಸದ ಜಾಗಕ್ಕೆ ಬಂದರೆ, ಅವರನ್ನು ನೋಡಿಕೊಳ್ಳಲು ಕೂಲಿಯವರಲ್ಲೇ ಒಬ್ಬ ಮಹಿಳೆಯನ್ನು ನೇಮಿಸಿ ಆಕೆಗೂ ಅದೇ ಕೂಲಿ ಕೊಡಬೇಕು ಎಂದು ಕಾಯ್ದೆಯ ಅನುಸೂಚಿಯಲ್ಲೇ ಇತ್ತು. ನನಗೆ ಅದು ಗೊತ್ತಿತ್ತು. ಮಕ್ಕಳನ್ನು ಎಣಿಸಿಯೂ ಇದ್ದೆ. ಆದರೆ ಅದಕ್ಕೊಂದು ಟಿಪ್ಪಣಿ ಬರೆಯಬೇಕು, ಲೆಕ್ಕ ತಪಾಸಣೆಯಲ್ಲಿ ಮಣ್ಣು ಹೊರದವಳಿಗೆ ಕೂಲಿ ಯಾಕೆ ಎಂದು ಕೇಳಿದರೆ ಉತ್ತರಿಸಬೇಕು. ಯಾಕೆ ಬೇಕು ರಗಳೆ ಎಂದು ಬಿಟ್ಟೆ. ಮುಂದಿನ ವಾರ ಅಳತೆಗೆ ಹೋದಾಗ ಮರದಲ್ಲಿ ತೊಟ್ಟಿಲಿರಲಿಲ್ಲ. ಕೇಳಿದರೆ, “ಮಗೀಗೆ ಜ್ವರ ಸಾರ್, ಬರಲ್ವಂತೆ” ಎಂದರು. ಹಾಜರಿ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಗೀಟು ಬಿತ್ತು. ನಾನು ಅಳತೆ ಬರೆದು ಸಹಿ ಮಾಡಿ ಜೀಪು ಹತ್ತಿದೆ.

ಅವತ್ತು ಯಾರಾದರೂ ಕೇಳಿದ್ದರೆ ಆಕೆ ಕೆಲಸ ಬಿಟ್ಟಳು ಎಂದೇ ಹೇಳುತ್ತಿದ್ದೆ. ಈಗ ಹೇಳುತ್ತೇನೆ, ಆಕೆ ಬಿಡಲಿಲ್ಲ. ನಾನು ಬಿಡಿಸಿದೆ. ಒಂದು ಟಿಪ್ಪಣಿ ಬರೆಯುವ ಸೋಮಾರಿತನ ನನ್ನದಾಗಿತ್ತು. ಸೋಮಾರಿ ಎಂಬ ಮಾತು ಪ್ರಸಾದದ ಪಂಕ್ತಿಯಲ್ಲಿ ಬಂದಾಗ ಅದು ಯಾರಿಗೆ ಸಲ್ಲಬೇಕೋ ಅವನು ಅಲ್ಲೇ ಕುಳಿತು ಹೌದೆನ್ನುತ್ತಿದ್ದ.

ಇನ್ನು ಲಕ್ಕಮ್ಮನವರ ಪ್ರಸಂಗ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳ ಕಥೆಯನ್ನು ನಾವು ಅರ್ಧ ಹೇಳುತ್ತೇವೆ. ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿದ್ದನ್ನು ಹೇಳುತ್ತೇವೆ. ಮಾರಯ್ಯನವರಿಗೆ ಅಕ್ಕಿ ಆಯಲು ಮಹಾಮನೆಯ ಅಂಗಳ ದಿನವೂ ತೆರೆದಿತ್ತು ಎಂಬುದನ್ನು ಹೇಳುವುದಿಲ್ಲ. ಆ ಮನೆಗೆ ಎಷ್ಟು ಸಾಕು ಎಂದು ಅಳೆದವರು ಲಕ್ಕಮ್ಮನವರೇ, ಊರಿನ ಪಂಚರಲ್ಲ ಎಂಬುದನ್ನೂ ಹೇಳುವುದಿಲ್ಲ. ಕದಿರ ರೆಮ್ಮವ್ವೆ ನೂಲು ತೆಗೆದರು, ಕೊಟ್ಟಣದ ಸೋಮಮ್ಮ ಭತ್ತ ಕುಟ್ಟಿದರು, ಸತ್ಯಕ್ಕ ಅಂಗಳ ಗುಡಿಸಿದರು. 12ನೇ ಶತಮಾನದಲ್ಲಿ ಹೆಣ್ಣಿನ ಹೆಸರಿನ ಜೊತೆಗೆ ಅವಳ ಕಾಯಕ ಸೇರಿಕೊಂಡಿತು. ಅಂಗಳವನ್ನು ಮುಚ್ಚಿ, ಕಾಯಕ ಮಾಡು ಎಂದು ಹೇಳುವುದು ಶರಣರ ದಾರಿಯಲ್ಲ. ಕಾಯಕ ಎಂಬುದು ಬಡವರ ಬೆನ್ನಿಗೆ ಬೀಸುವ ಚಾಟಿಯೂ ಅಲ್ಲ.

ಹೊರದೇಶದ ಒಂದು ಉದಾಹರಣೆ. ಮಗಳ ಬಾಣಂತನಕ್ಕೆಂದು ನಾನೂ ನನ್ನ ಮನೆಯವರೂ ಆರು ತಿಂಗಳು ಕ್ಯಾಲಿಫೋರ್ನಿಯಾದಲ್ಲಿದ್ದೆವು. ಅಮೆರಿಕದಲ್ಲಿ 1996ರಲ್ಲಿ ಒಂದು ಕಾನೂನು ಬಂತು. ಮಕ್ಕಳಿರುವ ಬಡ ತಂದೆತಾಯಿಗೆ ನಗದು ನೆರವು ಕೊಡುತ್ತಾರೆ; ಆದರೆ ಕೇಂದ್ರದ ಹಣದಲ್ಲಿ ಒಟ್ಟು 60 ತಿಂಗಳಿಗೆ ಮಿತಿ, ಮತ್ತು ನೆರವು ಪಡೆಯುವವರು ಕೆಲಸದಲ್ಲಿ ಅಥವಾ ಕೆಲಸದ ತಯಾರಿಯಲ್ಲಿ ತೊಡಗಿರಬೇಕು. ತಪ್ಪಿದರೆ ಹಣ ಕಡಿತ. ಇದು ಅದರ ಕಠಿಣ ಮುಖ. ನಮ್ಮ ಕೆಲವರಿಗೆ ಇದು ಇಷ್ಟವಾಗಬಹುದು. ಆದರೆ ಅದೇ ಕಾನೂನಿನಲ್ಲಿ, ಆರು ವರ್ಷದೊಳಗಿನ ಮಗುವಿರುವ ಒಂಟಿ ತಾಯಿಗೆ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಸಿಗದಿದ್ದರೆ ಆಕೆಯ ಹಣ ಕಡಿತ ಮಾಡುವಂತಿಲ್ಲ ಎಂದೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಕೌಂಟಿ ಕಚೇರಿಯ ಒಬ್ಬ ನೌಕರರು ಆ ತಾಯಿಯ ಜೊತೆ ಕುಳಿತು ಯೋಜನೆ ಬರೆಯುತ್ತಾರೆ: ಎಷ್ಟು ಓದಿದ್ದೀರಿ, ಏನು ಕಲಿಯಬೇಕು, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಬಸ್ಸಿಗೆ ಎಷ್ಟು ಬೇಕು. ಮಗುವಿನ ಆರೈಕೆಗೆ, ಓಡಾಟಕ್ಕೆ, ಪುಸ್ತಕ ಮತ್ತು ಸಲಕರಣೆಗೆ ನೆರವಿದೆ.

ಆ ಕಡಿತ, ಆ ಗಡುವು ನಮಗೆ ಬೇಡ. ತಾಯಿಯ ಜೊತೆ ಕುಳಿತುಕೊಳ್ಳುವ ಆ ಒಬ್ಬರು ಬೇಕು. ಬಸ್ಸಿನ ಖರ್ಚನ್ನು ನಮ್ಮ ಸರ್ಕಾರ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಆಗಲೇ ತೀರಿಸಿದೆ. ಮಗುವಿನ ಆರೈಕೆಗೆ ‘ಕೂಸಿನ ಮನೆ’ ಎಂಬ ಯೋಜನೆ ಇದೆ. ಗ್ರಾಮ ಪಂಚಾಯಿತಿಯ ಮೂಲಕ ಮೂರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವ ಈ ಕೇಂದ್ರಗಳನ್ನು 4,000 ಪಂಚಾಯಿತಿಗಳಲ್ಲಿ ತೆರೆಯುವುದಾಗಿ 2023-24ರಲ್ಲಿ ಘೋಷಿಸಲಾಯಿತು. 1975ರಲ್ಲಿ ಕರ್ನಾಟಕದ ಮೊದಲ ಅಂಗನವಾಡಿ ಯೋಜನೆ ಶುರುವಾದದ್ದು ನಮ್ಮ ನೆರೆಯ ತಿ. ನರಸೀಪುರದಲ್ಲಿ. ಕೂಸಿನ ಮನೆಯೂ ನಮ್ಮ ಸೀಮೆಯಲ್ಲಿ ಚೆನ್ನಾಗಿ ನಡೆಯಲಾರದೆ? ಉದ್ಯೋಗ ಖಾತರಿಯ ಮೇಟಿಗಳಿಗೆ ನಮ್ಮ ರಾಜ್ಯದಲ್ಲಿ ಏನೆಂದು ಹೆಸರಿಟ್ಟಿದ್ದಾರೆ ಗೊತ್ತೇ? ‘ಕಾಯಕ ಬಂಧು’. ಸರ್ಕಾರ ಶರಣರ ಮಾತನ್ನು ತೆಗೆದುಕೊಂಡಿದೆ. ಆ ಮಾತಿಗೆ ತಕ್ಕ ಕೆಲಸ ನಾವು ಮಾಡಬೇಡವೆ?

ಮಾಡಬಹುದಾದದ್ದನ್ನು ಅಂದಾಜು ಪಟ್ಟಿಯಂತೆ ನಾಲ್ಕು ಬಾಬಿನಲ್ಲಿ ಹೇಳುತ್ತೇನೆ.

ಒಂದು. ವಾರಕ್ಕೊಂದು ದಿನ, ಸೋಮವಾರವೇ ಆಗಲಿ, ಈ ಭವನದಲ್ಲಿ ಒಂದು ಮೇಜು, ಎರಡು ಕುರ್ಚಿ. ನಿವೃತ್ತ ಮೇಷ್ಟ್ರುಗಳು, ನಿವೃತ್ತ ನೌಕರರು ನಮ್ಮಲ್ಲಿ ಹಲವರಿದ್ದೇವೆ. ಸರದಿಯ ಮೇಲೆ ಕೂರೋಣ. ನಮೂನೆ 6 ಬರೆದುಕೊಡುವುದು, ಸ್ವೀಕೃತಿ ಪಡೆಯಲು ಜೊತೆಗೆ ಹೋಗುವುದು, ಹದಿನೈದು ದಿನವಾದ ಮೇಲೆ ವಿಚಾರಿಸುವುದು. ತರಬೇತಿಯ ಅರ್ಜಿ, ವಿಧವಾ ವೇತನದ ಅರ್ಜಿ, ಸಂಜೀವಿನಿ ಒಕ್ಕೂಟದ ವಿಷಯ, ಇವೂ ಅಲ್ಲೇ. ಬಂದವರ ಜಾತಿ ಕೇಳಬಾರದು, ಇದು ಮೊದಲ ನಿಯಮ.

ಎರಡು. ಮುಂದಿನ ಗ್ರಾಮಸಭೆಗಳಲ್ಲಿ ನಮ್ಮ ಸುತ್ತಲ ಪಂಚಾಯಿತಿಗಳ ಭಕ್ತರು ಎದ್ದುನಿಂತು ಎರಡು ಪ್ರಶ್ನೆ ಕೇಳಬೇಕು. ನಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯೆ? ಕೆಲಸದ ಜಾಗದಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರನ್ನು ಹಾಕಿದ್ದೀರಾ? ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಬೇಕು. ಬರೆಸದ ಮಾತಿಗೆ ಕಚೇರಿಯಲ್ಲಿ ಬೆಲೆಯಿಲ್ಲ ಎಂಬುದನ್ನು ನಾನು ಬಲ್ಲೆ.

ಮೂರು. ನಮ್ಮಲ್ಲಿ ಅಕ್ಕಿ ಗಿರಣಿ, ಅಂಗಡಿ, ಶಾಲೆ, ಆಲೆಮನೆ ನಡೆಸುವವರಿದ್ದೀರಿ. ಬೆಳಗ್ಗೆ ಹತ್ತರಿಂದ ಮೂರೂವರೆಯವರೆಗೆ, ಅಂಗನವಾಡಿಯ ಹೊತ್ತಿಗೆ ಹೊಂದುವ ಒಂದೆರಡು ಕೆಲಸವನ್ನಾದರೂ ತಾಯಂದಿರಿಗೆ ಮೀಸಲಿಡಿ. ಹೊತ್ತಿಗೆ ತಕ್ಕ ಪೂರ್ತಿ ಕೂಲಿ ಕೊಡಿ. ಕಳೆಗೆ ಹೆಣ್ಣಾಳು ಸಿಗುವುದಿಲ್ಲ ಎನ್ನುವವರು, ಹೊಲದಲ್ಲಿ ತಾವು ಕೊಡುವ ಕೂಲಿ ಎಷ್ಟು, ಗಂಡಾಳಿಗೆ ಕೊಡುವುದೆಷ್ಟು ಎಂದು ಒಮ್ಮೆ ನೋಡಿಕೊಳ್ಳಿ.

ನಾಲ್ಕನೆಯದು ಬುದ್ಧಿಯವರಲ್ಲಿ ಬಿನ್ನಹ. ಮೊದಲು ಹೇಳಿದ ಆ ಹೆಣ್ಣುಮಗಳ ಮನೆಯಿಂದ ಎದ್ದು ಬರುವಾಗ ಅವಳು ಕೇಳಿದಳು: “ಸಾರ್, ನೀವು ಗೋಷ್ಠಿ ಮಾಡ್ತೀರಲ್ಲ, ಅಲ್ಲಿ ಒಂದ್ ರೂಮ್ ಖಾಲಿ ಇಲ್ವಾ, ಮಗೀನ ಬುಟ್ಟೋಗಕೆ?” ನನ್ನ ಮನೆಯವರು ನನ್ನ ಮುಖ ನೋಡಿದರು. ನನಗೆ ಉತ್ತರ ಗೊತ್ತಿತ್ತು. ದಾಸೋಹದ ಅಡುಗೆಮನೆಯ ಪಕ್ಕದಲ್ಲಿ ಒಂದು ಕೋಣೆ ಇದೆ. ಹದಿನಾಲ್ಕು ಅಡಿಗೆ ಹನ್ನೆರಡು ಅಡಿ, ನಾನೇ ಅಳೆದಿದ್ದೇನೆ. ಎರಡು ಕಿಟಕಿ, ಒಳ್ಳೆಯ ಗಾಳಿ. ವರ್ಷದಲ್ಲಿ ನಾಲ್ಕೈದು ದಿನ ಪಾತ್ರೆ ತೆಗೆಯಲು ಬೀಗ ತೆಗೆಯುತ್ತೇವೆ. ಉಳಿದ ದಿನ ಹಂಡೆಗಳು ಅಲ್ಲಿ ಸುಖವಾಗಿ ಮಲಗಿರುತ್ತವೆ. ಹಂಡೆಗಳಿಗೆ ಹಿತ್ತಲಿನ ಶೆಡ್ಡು ಸಾಕು. ಬಾಗಿಲಿಗೊಂದು ಅಡ್ಡಗಟ್ಟು, ನೆಲಕ್ಕೆ ಚಾಪೆ, ನಾಲ್ಕು ತೊಟ್ಟಿಲು, ಒಂದು ಶೌಚಾಲಯದ ದುರಸ್ತಿ: ಆ ಖರ್ಚು ನನ್ನ ಪಿಂಚಣಿಯದು. ನೋಡಿಕೊಳ್ಳುವ ತಾಯಿಯೊಬ್ಬರಿಗೆ ಸಂಬಳ ಕೊಡಲೇಬೇಕು, ಸೇವೆಯ ಹೆಸರಿನಲ್ಲಿ ಬಿಟ್ಟಿ ದುಡಿಸಬಾರದು. ಆ ಸಂಬಳವನ್ನು ಸಮಾಜ ಹೊರಬೇಕು. ಹತ್ತು ಮನೆ ತಿಂಗಳಿಗೆ ಇಂತಿಷ್ಟು ಎಂದು ಒಪ್ಪಿದರೆ ಆಗುತ್ತದೆ. ನನ್ನ ಮನೆ ಮೊದಲನೆಯದು.

ಬಂದವರಿಗೆ ಅನ್ನ ಹಾಕುವುದು ದಾಸೋಹ. ಬಂದ ತಾಯಿ ಕಾಯಕಕ್ಕೆ ಹೋಗಿ ಬರುವ ತನಕ ಅವಳ ಕೂಸನ್ನು ನೋಡಿಕೊಳ್ಳುವುದೂ ದಾಸೋಹವೇ ಅಲ್ಲವೆ?

ಆ ಹೆಣ್ಣುಮಗಳ ಅರ್ಜಿಯನ್ನು ಕಳೆದ ವಾರ ಬರೆದುಕೊಟ್ಟೆ. ಸ್ವೀಕೃತಿ ಸಿಕ್ಕಿದೆ. ಹದಿನೈದು ದಿನದಲ್ಲಿ ಇವತ್ತಿಗೆ ಎಂಟು ದಿನ ಕಳೆದಿದೆ. ಕೆಲಸ ಬರುತ್ತದೆಂದು ನನಗೆ ನಂಬಿಕೆಯಿದೆ. ಬಂದ ದಿನ ಕೂಸನ್ನು ಎಲ್ಲಿ ಬಿಡಬೇಕೆಂದು ಅವಳು ಮತ್ತೆ ಕೇಳುತ್ತಾಳೆ. ಉಳಿದಿರುವ ಏಳು ದಿನದಲ್ಲಿ ಆ ಕೋಣೆಯ ಬೀಗದ ಕೈ ಯಾರ ಬಳಿ ಇದೆ ಎಂದು ನಾವು ತೀರ್ಮಾನಿಸಬೇಕು.

ಒಂದು ಹೊಂಗೆಮರದ ತೊಟ್ಟಿಲು ನನ್ನ ಕಣ್ಣೆದುರಿಗೇ ಇಳಿದು ಹೋಯಿತು. ಇನ್ನೊಂದು ಹಾಗಾಗಬಾರದು. ಇಷ್ಟೇ ನನ್ನ ಮಾತು. ತಪ್ಪಿದ್ದರೆ ತಿದ್ದಿ.